ಟೂಲ್ ಇರಲಿ, ಮೊದಲು ‘ಮಾರಾಟ’ ಅಂದರೇನು ಹೇಳಿ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಯಂತ್ರಗಳ ಬಿಡಿಭಾಗ ವಿತರಿಸುವ ಸಂಸ್ಥೆ. 8 ಶಾಖೆಗಳಿವೆ. ಡೇಟಾ ತಂಡದಲ್ಲಿ 3 ಜನ, ರಿಪೋರ್ಟ್ ನೋಡುವವರು 120 ಜನ. ಲೆಕ್ಕಪತ್ರ ಟ್ಯಾಲಿಯಲ್ಲಿದೆ, ಆರ್ಡರ್‌ಗಳು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿವೆ. ರಿಪೋರ್ಟ್, ಚಾರ್ಟ್ ಮಾಡುವ ಟೂಲ್ ಬೇಕು. ಪವರ್ ಬಿಐ, ಟ್ಯಾಬ್ಲೋ, ಮೆಟಾಬೇಸ್ ಈ ಮೂರರಲ್ಲಿ ಯಾವುದು ಒಳ್ಳೆಯದು?

ಊರು, ಶಾಖೆಗಳ ಲೆಕ್ಕ ಬದಲಾಗುತ್ತದೆ ಅಷ್ಟೇ, ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಹೋದ ತಿಂಗಳ ಮಾರಾಟ ಎಷ್ಟು ಅಂತ ನಿಮ್ಮ ಸಂಸ್ಥೆಯಲ್ಲೇ ಮೂವರನ್ನು ಕೇಳಿ ನೋಡಿ. ಸೇಲ್ಸ್‌ನವರು ಆರ್ಡರ್ ಬಂದ ದಿನದ ಲೆಕ್ಕ ಹೇಳುತ್ತಾರೆ. ಅಕೌಂಟ್ಸ್‌ನವರು ಇನ್‌ವಾಯ್ಸ್ ಆದದ್ದನ್ನು, ಅದೂ ಜಿಎಸ್‌ಟಿ ಬಿಟ್ಟು, ಕ್ರೆಡಿಟ್ ನೋಟ್ ಕಳೆದು ಹೇಳುತ್ತಾರೆ. ಗೋಡೌನ್‌ನವರಿಗೆ ಲಾರಿ ಹತ್ತಿದ್ದೇ ಮಾರಾಟ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಇದನ್ನು ಬಗೆಹರಿಸದೆ ಟೂಲ್ ತಗೊಂಡರೆ, ಎಕ್ಸೆಲ್‌ನಲ್ಲಿದ್ದ ಜಗಳ ಬಣ್ಣ ಬಣ್ಣದ ಚಾರ್ಟ್‌ಗೆ ಬರುತ್ತದೆ.

ಡೆಮೊ ತೋರಿಸಲು ಬರುವವರು ಈ ವಿಷಯ ಎತ್ತುವುದೇ ಇಲ್ಲ. ಅವರು ತರುವ ಡೇಟಾದಲ್ಲಿ ಒಬ್ಬ ಗಿರಾಕಿಗೆ ಒಂದೇ ಹೆಸರು. ನಿಮ್ಮ ಟ್ಯಾಲಿಯಲ್ಲಿ ಅದೇ ಗಿರಾಕಿ ನಾಲ್ಕು ಸ್ಪೆಲ್ಲಿಂಗ್‌ನಲ್ಲಿ ಇರುತ್ತಾನೆ, ಅಲ್ವಾ? ‘ಎರಡೇ ವಾರದಲ್ಲಿ ಎಲ್ಲ ಡ್ಯಾಶ್‌ಬೋರ್ಡ್ (ಅಂಕಿ, ಚಾರ್ಟ್‌ಗಳ ಪುಟ) ರೆಡಿ’ ಅನ್ನುವವರಿಗೆ ಕಾಫಿ ಕೊಟ್ಟು ಕಳಿಸಿ. ಒಪ್ಪಂದ ಬೇಡ.

ಇನ್ನು 120 ಜನರ ವಿಷಯ. ನಿಜವಾಗಿ ಡ್ಯಾಶ್‌ಬೋರ್ಡ್ ತೆರೆದು ಫಿಲ್ಟರ್ ಒತ್ತಿ ನೋಡುವವರು ಎಷ್ಟು? ನನ್ನ ಅನುಭವದಲ್ಲಿ ಕಾಲು ಭಾಗ ಇದ್ದರೆ ಜಾಸ್ತಿ. ಉಳಿದವರಿಗೆ ಬೆಳಿಗ್ಗೆ ಮೇಲ್‌ನಲ್ಲಿ ಒಂದು ಪುಟ ಬಂದರೆ ಸಾಕು. ಇದನ್ನು ಎಣಿಸದೆ ಬೆಲೆ ಹೋಲಿಸುವುದು ಸುಮ್ನೆ. ಪವರ್ ಬಿಐ ಪ್ರೊ ಲೈಸೆನ್ಸ್‌ನ ಪಟ್ಟಿ ಬೆಲೆ 2025ರ ಏಪ್ರಿಲ್‌ನಿಂದ ತಲೆಗೆ ತಿಂಗಳಿಗೆ 14 ಡಾಲರ್. ರಿಪೋರ್ಟ್ ಮಾಡುವ ಪವರ್ ಬಿಐ ಡೆಸ್ಕ್‌ಟಾಪ್ ಉಚಿತ ಅಂತ ಕುಣಿಯಬೇಡಿ. ಸಾಮಾನ್ಯ ವ್ಯವಸ್ಥೆಯಲ್ಲಿ ಹಂಚುವವರಿಗೂ ನೋಡುವವರಿಗೂ ಪ್ರೊ ಬೇಕು. ನಿಮ್ಮ 123 ಜನಕ್ಕೆ ತಿಂಗಳಿಗೆ 1,722 ಡಾಲರ್. ಟ್ಯಾಬ್ಲೋದಲ್ಲಿ ಮಾಡುವವರಿಗೆ 75, ನೋಡುವವರಿಗೆ 15 ಡಾಲರ್ ಅಂತ ಹಿಡಿದರೆ 2,025. ಅಂದರೆ 75ರ ಅಂಕಿ ನೋಡಿ ಹೆದರುವಷ್ಟು ಅಂತರ ಇಲ್ಲ. ನೋಡುವವರನ್ನು 25ಕ್ಕೆ ಇಳಿಸಿ ನೋಡಿ: ಪವರ್ ಬಿಐ 392, ಟ್ಯಾಬ್ಲೋ 600. ಬಿಲ್ ಇಳಿದದ್ದು ತಲೆ ಕಡಿಮೆಯಾದ್ದಕ್ಕೆ. ರೂಪಾಯಿಗೆ ತಿರುಗಿಸಿ, ತೆರಿಗೆ ಸೇರಿಸಿಕೊಳ್ಳಿ.

‘ಮೆಟಾಬೇಸ್ ಉಚಿತ ಅಲ್ವಾ?’ ಅನ್ನುತ್ತೀರಿ. ಹೌದು, ಓಪನ್ ಸೋರ್ಸ್ ಆವೃತ್ತಿ ಉಚಿತ, ನನಗೂ ಇಷ್ಟ. ಆದರೆ ಧಾರವಾಡದ ಮ್ಯಾನೇಜರ್‌ಗೆ ಧಾರವಾಡದ ಅಂಕಿ ಮಾತ್ರ ಕಾಣಬೇಕು ಅಂತ ನಿಮ್ಮ ಮಾಲೀಕರು ಇವತ್ತಲ್ಲ ನಾಳೆ ಕೇಳಿಯೇ ಕೇಳುತ್ತಾರೆ. ಒಂದೇ ಡ್ಯಾಶ್‌ಬೋರ್ಡ್‌ನಲ್ಲಿ ಆಳಿಗೆ ತಕ್ಕಂತೆ ಸಾಲುಗಳನ್ನು ಮುಚ್ಚುವ ಸೌಲಭ್ಯ ಮೆಟಾಬೇಸ್‌ನ ದುಡ್ಡಿನ ಆವೃತ್ತಿಯಲ್ಲಿದೆ. ಉಚಿತದಲ್ಲಿ 8 ಶಾಖೆಗೆ 8 ಡ್ಯಾಶ್‌ಬೋರ್ಡ್ ಮಾಡಿಕೊಂಡು ಕೂರಬೇಕು. ಅಪಾಚೆ ಸೂಪರ್‌ಸೆಟ್ ಅನ್ನುವ ಇನ್ನೊಂದು ಟೂಲ್‌ನಲ್ಲಿ ಅದು ಉಚಿತವಾಗಿಯೇ ಇದೆ, ಆದರೆ ಅದನ್ನು ಸಾಕುವುದು ಎಮ್ಮೆ ಸಾಕಿದಷ್ಟು ಕೆಲಸ. ಪವರ್ ಬಿಐ ಪ್ರೊದಲ್ಲೂ ಇದೆ. ಒಂದು ಎಚ್ಚರ: ವರ್ಕ್‌ಸ್ಪೇಸ್‌ನಲ್ಲಿ (ರಿಪೋರ್ಟ್‌ಗಳನ್ನು ಇಡುವ ಜಾಗ) ‘ವ್ಯೂವರ್’ ಆಗಿರುವವರಿಗೆ ಮಾತ್ರ ಆ ಬೇಲಿ. ಮ್ಯಾನೇಜರ್‌ನನ್ನು ಗೌರವಕ್ಕೆ ಅಂತ ‘ಮೆಂಬರ್’ ಮಾಡಿದಿರೋ, ಎಂಟೂ ಶಾಖೆ ಕಾಣುತ್ತದೆ.

ಸ್ವಂತ ಸರ್ವರ್‌ನಲ್ಲಿ ಇಡುವುದಾದರೆ ಇನ್ನೊಂದು ಮಾತು. ಮೆಟಾಬೇಸ್ ನೀವು ಮಾಡಿದ ಡ್ಯಾಶ್‌ಬೋರ್ಡ್, ಬಳಕೆದಾರರ ವಿವರಗಳನ್ನೆಲ್ಲ ಮೊದಲಿಗೆ ಎಚ್2 ಅನ್ನುವ ಒಂದು ಫೈಲ್‌ನಲ್ಲಿ ಇಟ್ಟುಕೊಳ್ಳುತ್ತದೆ. ಅದು ಪ್ರಯೋಗಕ್ಕೆ ಮಾತ್ರ ಅಂತ ದಾಖಲೆಯಲ್ಲೇ ಬರೆದಿದೆ. ನಾನು ಓದದೆ ಹಾಗೇ ಬಿಟ್ಟಿದ್ದೆ. ಒಂದು ಸೋಮವಾರ ಮೆಟಾಬೇಸ್ ಓಡುತ್ತಿದ್ದ ಡಾಕರ್ ಕಂಟೇನರ್ (ಸಾಫ್ಟ್‌ವೇರ್ ಓಡಿಸುವ ಡಬ್ಬಿ) ಅಳಿಸಿ ಹೊಸದು ಎಬ್ಬಿಸಿದೆ, ಎರಡು ತಿಂಗಳ ಡ್ಯಾಶ್‌ಬೋರ್ಡ್‌ಗಳು ಮಾಯ. ಪೋಸ್ಟ್‌ಗ್ರೆಸ್‌ಗೆ ಮೊದಲ ದಿನವೇ ಬದಲಿಸಿ, ದಿನಾ ಬ್ಯಾಕಪ್ ತಗೊಳ್ಳಿ. ಅಪ್‌ಡೇಟ್ ಮಾಡಲು ಒಬ್ಬರ ಹೆಸರು ಗೊತ್ತುಮಾಡಿ. 2023ರ ಜುಲೈನಲ್ಲಿ ಮೆಟಾಬೇಸ್‌ನಲ್ಲೇ ಯಾರು ಬೇಕಾದರೂ ಲಾಗಿನ್ ಆಗದೆ ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಹುದಾದ ದೋಷ ಪತ್ತೆಯಾಗಿತ್ತು. ಆ ವಾರ ಸರ್ವರ್ ಇಂಟರ್ನೆಟ್‌ಗೆ ತೆರೆದಿಟ್ಟು ರಜೆಯ ಮೇಲಿದ್ದವರನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಕಲಸುತ್ತದೆ.

ನಿಮಗೆ ನನ್ನ ಸಲಹೆ: ಆಫೀಸಿನಲ್ಲಿ ವಿಂಡೋಸ್, ಮೈಕ್ರೋಸಾಫ್ಟ್ ಮೇಲ್ ಇದ್ದರೆ ಪವರ್ ಬಿಐ ತಗೊಳ್ಳಿ. ಶಾಖೆವಾರು ಬೇಲಿ ನಿಮಗೆ ಬೇಕೇ ಬೇಕು, ಮಾಡುವ ಮೂವರು, ತೆರೆದು ನೋಡುವ 25 ಜನ ಸೇರಿ ಲೈಸೆನ್ಸ್ 28 ಸಾಕು. ನಿಮ್ಮ ಮೂವರ ಕೈಲೂ ಮ್ಯಾಕ್ ಇದ್ದರೆ ಇದನ್ನು ಮರೆತುಬಿಡಿ, ಪವರ್ ಬಿಐ ಡೆಸ್ಕ್‌ಟಾಪ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಟ್ಯಾಬ್ಲೋ ಚಾರ್ಟ್‌ಗಳು ಚೆಂದ ನಿಜ, ಆದರೆ ಬಿಡಿಭಾಗದ ಸ್ಟಾಕ್ ನೋಡಲು ಅಷ್ಟು ಚೆಂದ ಬೇಡ. ಯಾವುದೇ ತಗೊಂಡರೂ ‘ಮಾರಾಟ’ದ ಲೆಕ್ಕವನ್ನು ಟೂಲ್ ಒಳಗೆ ಬರೆಯಬೇಡಿ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ವ್ಯೂ (ಡೇಟಾಬೇಸ್‌ನಲ್ಲೇ ಬರೆದಿಟ್ಟ ಲೆಕ್ಕ) ಮಾಡಿ, ಟ್ಯಾಲಿಯ ಇನ್‌ವಾಯ್ಸ್‌ಗಳನ್ನೂ ರಾತ್ರಿ ಅಲ್ಲಿಗೇ ಇಳಿಸಿ, ಟೂಲ್ ಅದನ್ನು ಓದಲಿ. ನಾಳೆ ಬೆಲೆ ಏರಿ ಟೂಲ್ ಬಿಡಬೇಕಾದರೆ ಚಾರ್ಟ್ ಮಾತ್ರ ಹೋಗುತ್ತದೆ, ಲೆಕ್ಕ ಉಳಿಯುತ್ತದೆ. ಪವರ್ ಬಿಐನ ‘ವರ್ಷದಿಂದ ಇಲ್ಲಿಯವರೆಗೆ’ ಲೆಕ್ಕ ನೀವು ಹೇಳದಿದ್ದರೆ ಡಿಸೆಂಬರ್ 31ಕ್ಕೆ ವರ್ಷ ಮುಗಿಸುತ್ತದೆ. ಮಾರ್ಚ್ 31 ಅಂತ ಬರೆಯಲು ಮರೆಯಬೇಡಿ.

ಟ್ಯಾಬ್ಲೋ ಪಬ್ಲಿಕ್ ಉಚಿತ ಇದೆಯಲ್ಲ, ಆಫೀಸ್ ಕೆಲಸಕ್ಕೆ ಆಗುವುದಿಲ್ಲವೇ?

ಹೆಸರಲ್ಲೇ ‘ಪಬ್ಲಿಕ್’ ಇದೆ. ಅಲ್ಲಿ ಪ್ರಕಟಿಸುವುದು ಊರಿಗೆಲ್ಲ ಹಂಚುವುದಕ್ಕೆ. ಪವರ್ ಬಿಐನ ‘ಪಬ್ಲಿಷ್ ಟು ವೆಬ್’ ಕೂಡ ಅದೇ ಜಾತಿ, ಆ ಗುಂಡಿಯನ್ನು ಅಡ್ಮಿನ್‌ಗೆ ಹೇಳಿ ಮುಚ್ಚಿಸಿ.

45 ದಿನದ ಕೋರ್ಸ್ ಮಾಡಿದರೆ ಬಿಐ (ಇಂಥ ರಿಪೋರ್ಟ್ ಮಾಡುವ) ಕೆಲಸ ಗ್ಯಾರಂಟಿ ಅಂತಾರೆ. ಸೇರಲೇ?

ಬೇಡ. ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್ ಕಲಿಯಿರಿ.

ಎಐ ಬಂತಲ್ಲ, ಪ್ರಶ್ನೆ ಕೇಳಿದರೆ ಅದೇ ಉತ್ತರ ಕೊಡುತ್ತದೆ. ಇನ್ನು ಡ್ಯಾಶ್‌ಬೋರ್ಡ್ ಯಾಕೆ?

‘ಹೋದ ತಿಂಗಳ ಮಾರಾಟ ಎಷ್ಟು’ ಅಂತ ಅದನ್ನೂ ಕೇಳಿ ನೋಡಿ. ಸೇಲ್ಸ್‌ನವರದ್ದೋ ಅಕೌಂಟ್ಸ್‌ನವರದ್ದೋ ಗೋಡೌನ್‌ನವರದ್ದೋ, ಯಾವುದನ್ನು ಹೇಳಿತು ಅಂತ ನನಗೂ ಬರೆದು ಕಳಿಸಿ.