ಲಾಕ್‌ಡೌನ್ ಕಾಲದ ಸಾಮಾಜಿಕ ಜಾಲತಾಣವೇ ನನ್ನ ತಮ್ಮನ ಮನಸ್ಸನ್ನು ಕೆಡಿಸಿತೇ?

ನಿಮ್ಮ ತಮ್ಮ 2021ರಲ್ಲಿ ದ್ವಿತೀಯ ಪಿಯುಸಿಯಲ್ಲಿದ್ದನೆಂದೂ, ಅಂದಿನಿಂದ ಯಾರೊಂದಿಗೂ ಬೆರೆಯದೆ ಮಂಕಾಗಿದ್ದಾನೆಂದೂ ಬರೆದಿದ್ದೀರಿ. ಹಗಲಿರುಳು ಇನ್‌ಸ್ಟಾಗ್ರಾಮ್ ನೋಡಿದ್ದೇ ಕಾರಣವೆಂದು ನಿಮ್ಮ ತಂದೆಯವರು ಹೇಳುವುದು ಸರಿಯೇ ಎಂಬುದು ನಿಮ್ಮ ಪ್ರಶ್ನೆ. ಆ ವರ್ಷಗಳಲ್ಲಿ ನಾನು ಒಂದು ಪದವಿಪೂರ್ವ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಎಷ್ಟು ಹೊತ್ತು ನೋಡಿದ ಎಂಬುದಕ್ಕಿಂತ ಅಲ್ಲಿ ಏನನ್ನು ನೋಡಬೇಕಾಗಿ ಬಂತು, ಅದನ್ನು ಯಾರ ಬಳಿಯಾದರೂ ಹೇಳಿಕೊಂಡನೇ ಎಂಬುದು ಹೆಚ್ಚು ಮುಖ್ಯ.

ತಂದೆಯವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ರಾತ್ರಿ ಎರಡು ಗಂಟೆಯವರೆಗೂ ಗ್ರೂಪುಗಳಲ್ಲಿ ಮಾತು ನಡೆಯುತ್ತಿತ್ತು. ಬೆಳಗಿನ ಆನ್‌ಲೈನ್ ತರಗತಿಗೆ ಹಲವರ ಹೆಸರು ಮಾತ್ರ ಹಾಜರಾಗುತ್ತಿತ್ತು. ನಿದ್ದೆ ಕೆಟ್ಟರೆ ಮನಸ್ಸೂ ಕೆಡುತ್ತದೆ. ಆದರೆ ಪಾಠಕ್ಕೆಂದು ಸಾಲ ಮಾಡಿ ಮೊಬೈಲ್ ಕೊಡಿಸಿದವರು ಹೆತ್ತವರೇ ಅಲ್ಲವೇ? 2020ರ ಮಾರ್ಚ್‌ನಲ್ಲಿ ಕಾಲೇಜಿನ ಬಾಗಿಲು ಮುಚ್ಚಿದ ಮೇಲೆ ಹದಿನೇಳರ ಹುಡುಗನಿಗೆ ಗೆಳೆಯರು ಸಿಗುತ್ತಿದ್ದ ಜಾಗ ಅದೊಂದೇ ಆಗಿತ್ತು. ಆ ಮೊದಲ ವರ್ಷ ಅನೇಕರನ್ನು ಒಂಟಿತನದಿಂದ ಉಳಿಸಿದ್ದು ಅದೇ ಮೊಬೈಲ್ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲವೂ ಬದಲಾದದ್ದು ಕೋವಿಡ್‌ನ ಎರಡನೇ ಅಲೆ ಬಂದ 2021ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ. ನೋಟ್ಸ್ ಹಾಗೂ ತಮಾಷೆಯಿಂದ ತುಂಬಿರುತ್ತಿದ್ದ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪುಗಳಲ್ಲಿ ಐಸಿಯು ಹಾಸಿಗೆ, ಆಮ್ಲಜನಕದ ಸಿಲಿಂಡರ್, ರೆಮ್‌ಡೆಸಿವಿರ್ ಔಷಧ, ಕೋವಿಡ್‌ನಿಂದ ಗುಣವಾದವರ ರಕ್ತದಿಂದ ತೆಗೆಯುವ ಪ್ಲಾಸ್ಮಾ ಬೇಕೆಂಬ ಮನವಿಗಳೇ ಒಂದರ ಹಿಂದೊಂದು ಬರತೊಡಗಿದವು. ಮಕ್ಕಳು ಅವನ್ನು ಸುಮ್ಮನೆ ಫಾರ್ವರ್ಡ್ ಮಾಡಲಿಲ್ಲ. ಒಂದೊಂದು ನಂಬರಿಗೂ ಕರೆ ಮಾಡಿ, ಲಭ್ಯವಿದೆಯೇ ಎಂದು ವಿಚಾರಿಸಿ, ಪಕ್ಕದಲ್ಲಿ ಸಮಯ ನಮೂದಿಸಿ ‘ವೆರಿಫೈಡ್’ ಎಂದು ಬರೆದು ಹಂಚುತ್ತಿದ್ದರು. ನನ್ನ ವಿದ್ಯಾರ್ಥಿನಿಯೊಬ್ಬಳು ಬಿ ಪಾಸಿಟಿವ್ ಪ್ಲಾಸ್ಮಾ ಕೊಡುವವರನ್ನು ಕಷ್ಟಪಟ್ಟು ಹುಡುಕಿ, ಮನವಿಯಲ್ಲಿದ್ದ ನಂಬರಿಗೆ ಕರೆ ಮಾಡಿದಾಗ, ರೋಗಿ ತೀರಿಕೊಂಡು ಎರಡು ದಿನವಾಯಿತೆಂದು ಅವರ ಮಗ ಹೇಳಿದನಂತೆ. ಆ ಮನವಿ ಮಾತ್ರ ಆಮೇಲೂ ಗ್ರೂಪಿನಿಂದ ಗ್ರೂಪಿಗೆ ಹೋಗುತ್ತಲೇ ಇತ್ತು. ಸಾವಿನ ಸುದ್ದಿಯನ್ನು ಅಪರಿಚಿತನ ಬಾಯಿಂದ ಕೇಳಿ, ಏನು ಹೇಳಬೇಕೆಂದು ತೋಚದೆ ಫೋನ್ ಇಟ್ಟ ಆ ಹುಡುಗಿಗೆ ಆಗ ಹದಿನೆಂಟು ವರ್ಷ. (ಮೇ 17ರಂದು ಪ್ಲಾಸ್ಮಾ ಚಿಕಿತ್ಸೆಯನ್ನೇ ಚಿಕಿತ್ಸಾ ಮಾರ್ಗಸೂಚಿಯಿಂದ ಕೈಬಿಡಲಾಯಿತು. ಅಷ್ಟು ಓಡಾಡಿದ ಮಕ್ಕಳಿಗೆ ಅದು ಹೇಗೆ ತಟ್ಟಿತೆಂದು ವಿಚಾರಿಸಿದವರು ಕಡಿಮೆ.) ನಡುನಡುವೆ ಗೆಳೆಯರ ಸ್ಟೇಟಸ್ಸಿನಲ್ಲಿ ಅಪ್ಪನದೋ ಅಜ್ಜಿಯದೋ ಹೂಮಾಲೆ ಹಾಕಿದ ಫೋಟೋ, ಕೆಳಗೆ ‘ಓಂ ಶಾಂತಿ’. ಮನೆಗೆ ಹೋಗಿ ಮಾತಾಡಿಸಿ ಬರುವ ಅವಕಾಶವೂ ಇಲ್ಲದ ಆ ದಿನಗಳಲ್ಲಿ, ಕೈಮುಗಿದ ಒಂದು ಇಮೋಜಿ ಕಳಿಸಿ ಸುಮ್ಮನಾಗಬೇಕಿತ್ತು.

ಇದರ ಜೊತೆಗೆ ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆಯೇ ರದ್ದಾಗಿ, ಹಿಂದಿನ ತರಗತಿಗಳ ಅಂಕಗಳನ್ನು ಆಧರಿಸಿ ಫಲಿತಾಂಶ ಕೊಟ್ಟರು. ಪರೀಕ್ಷೆ ಬರೆಯದೆ ಪಾಸಾದವರು ಎಂಬ ಮೂದಲಿಕೆಯನ್ನು ಆ ಮಕ್ಕಳು ಬಹಳ ಕಾಲ ಕೇಳಬೇಕಾಯಿತು.

2021ರ ಯುನಿಸೆಫ್ ವರದಿಯ ಸಮೀಕ್ಷೆಯಲ್ಲಿ, ಭಾರತದ 15ರಿಂದ 24 ವರ್ಷದವರ ಪೈಕಿ ಶೇ. 14ರಷ್ಟು ಮಂದಿ ತಾವು ಆಗಾಗ ಖಿನ್ನರಾಗುತ್ತೇವೆ ಅಥವಾ ಯಾವುದರಲ್ಲೂ ಆಸಕ್ತಿ ಉಳಿದಿಲ್ಲ ಎಂದಿದ್ದರು. ನನ್ನನ್ನು ಹೆಚ್ಚು ಕಾಡಿದ್ದು ಅದೇ ವರದಿಯ ಇನ್ನೊಂದು ಅಂಕಿ: ಮನಸ್ಸಿನ ತೊಂದರೆಗೆ ಇತರರ ನೆರವು ಪಡೆಯುವುದು ಒಳ್ಳೆಯದೆಂದು ಭಾವಿಸಿದವರು 21 ದೇಶಗಳಲ್ಲಿ ಸರಾಸರಿ ಶೇ. 83ರಷ್ಟಿದ್ದರೆ, ನಮ್ಮಲ್ಲಿ ಶೇ. 41 ಮಾತ್ರ. ನಿಮ್ಮ ತಮ್ಮನ ಮೌನಕ್ಕೆ ಕಾರಣವನ್ನು ಮೊಬೈಲಿಗಿಂತ ಮೊದಲು ಇಲ್ಲಿ ಹುಡುಕಬೇಕು.

ಆದ್ದರಿಂದ ಈಗ ಅವನ ಫೋನ್ ಕಿತ್ತುಕೊಳ್ಳುವುದರಿಂದ ಪ್ರಯೋಜನವಿಲ್ಲ. ರಾತ್ರಿ ಅದು ಹಾಸಿಗೆಯಿಂದ ದೂರವಿರಲಿ; ಅಷ್ಟು ಸಾಕು. ತಂದೆಯವರು ಎದುರಿಗಿಲ್ಲದ ಹೊತ್ತು ನೋಡಿ, ಎರಡನೇ ಅಲೆಯಲ್ಲಿ ಅವನ ಗೆಳೆಯರ ಮನೆಗಳಲ್ಲಿ ಏನಾಯಿತು, ಅವನು ಯಾರಿಗಾಗಿ ಓಡಾಡಿದ ಎಂದು ಕೇಳಿ. ಉತ್ತರ ಬರಲು ತಡವಾದರೂ ಬುದ್ಧಿವಾದ ಹೇಳಲು ಹೋಗಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಅವನು ಒಪ್ಪದಿದ್ದರೆ ಮೊದಲು ನೀವೇ ಕರೆ ಮಾಡಿ, ಅವನೊಂದಿಗೆ ಹೇಗೆ ಮಾತೆತ್ತಬೇಕೆಂದು ವಿಚಾರಿಸಿ. ಬದುಕು ಬೇಡವೆಂಬ ಮಾತು ಅವನ ಬಾಯಲ್ಲಿ ಒಮ್ಮೆಯಾದರೂ ಬಂದಿದ್ದರಂತೂ ತಡಮಾಡದೆ, ಅಂದೇ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಜೊತೆಯಲ್ಲೇ ಕರೆದುಕೊಂಡು ಹೋಗಿ.