ಲಿವರ್ ಚೆನ್ನಾಗಿತ್ತು, ಮನುಷ್ಯ ಉಳಿಯಲಿಲ್ಲ

ಪತ್ರ: "ಕುಡಿತದಿಂದ ಲಿವರ್ ಹಾಳಾಗುತ್ತದೆ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ನಮ್ಮ ಲೈನ್ ಮನೆಗಳಲ್ಲಿ (ತೋಟದ ಕೆಲಸದವರ ಸಾಲು ಮನೆ) ಕುಡಿಯುತ್ತಿದ್ದ ಮೂವರು ತೀರಿಕೊಂಡರು. ನನ್ನ ಅಣ್ಣ ತೋಟದ ಕೆರೆಗೆ ಬಿದ್ದ. ಒಬ್ಬರು ಬೈಕಿನಿಂದ ಬಿದ್ದರು. ಇನ್ನೊಬ್ಬರ ಹೊಟ್ಟೆಗೆ ಕಳೆ ಔಷಧಿ ಹೋಯಿತು. ಯಾರಿಗೂ ಲಿವರ್ ಕಾಯಿಲೆ ಇರಲಿಲ್ಲ. ಇವು ಕುಡಿತದ ಸಾವು ಅಲ್ವಾ?"
- ಸಿದ್ದಾಪುರ ಕಡೆಯ ಓದುಗರು

ಉತ್ತರ: ಹೌದಮ್ಮ, ಇವೂ ಕುಡಿತದ ಸಾವುಗಳೇ. ನಿಮ್ಮ ಪತ್ರ ಓದಿ ಹೋದ ಸಂಚಿಕೆ ಮತ್ತೆ ತೆಗೆದು ನೋಡಿದೆ. ಬಿದ್ದು ಸತ್ತವರ ಬಗ್ಗೆ ಒಂದು ಸಾಲೂ ಇಲ್ಲ. ತಪ್ಪು ನಮ್ಮದು.

ಲಿವರ್ ಕೆಡಲು ವರ್ಷಗಟ್ಟಲೆ ಕುಡಿಯಬೇಕು. ಕೆರೆಗೆ ಬೀಳಲು ಒಂದು ಸಂಜೆ ಸಾಕು. ಬಟವಾಡೆ ದಿನ ಮಾತ್ರ ಜಾಸ್ತಿ ಕುಡಿಯುವವರಿಗೂ ಈ ಅಪಾಯ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಮದ್ಯದ ಕಾರಣಕ್ಕೆ ಜಗತ್ತಿನಲ್ಲಿ ಸತ್ತವರು ಸುಮಾರು 26 ಲಕ್ಷ. ಅವರಲ್ಲಿ 7 ಲಕ್ಷಕ್ಕೂ ಹೆಚ್ಚು ಮಂದಿ ರಸ್ತೆ ಅಪಘಾತ, ಹೊಡೆದಾಟ, ಆತ್ಮಹತ್ಯೆಯಂಥ ಕಾರಣಗಳಿಂದ ಹೋದವರು. ಆದರೆ ಊರಿನಲ್ಲಿ "ಕಾಲು ಜಾರಿತಂತೆ" ಅನ್ನುವಲ್ಲಿಗೆ ಮಾತು ಮುಗಿಯುತ್ತದೆ. ಯಾಕೆ ಜಾರಿತು ಅಂತ ಯಾರೂ ಕೇಳುವುದಿಲ್ಲ.

ನಮ್ಮ ಮಳೆಗಾಲದಲ್ಲಿ ಕೆರೆ ದಂಡೆ ಪಾಚಿ ಕಟ್ಟಿರುತ್ತದೆ. ಎಚ್ಚರ ಇದ್ದವರೇ ಜಾರುತ್ತಾರೆ. "ಚಳಿಗೆ ಒಂದು ಪೆಗ್" ಅನ್ನುವುದೂ ಮೋಸದ ಮಾತು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬೆಚ್ಚಗಾದ ಹಾಗೆ ಅನ್ನಿಸುತ್ತದೆ, ಆದರೆ ಒಳಗಿನ ಕಾವು ಹೊರಗೆ ಹೋಗುತ್ತಿರುತ್ತದೆ. ಇನ್ನು ಬೈಕ್. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯ ಇದ್ದರೆ ಕಾನೂನಿನಲ್ಲಿ ಅಪರಾಧ. ಅದಕ್ಕಿಂತ ಕಡಿಮೆ ಇದ್ದಾಗಲೇ ಲೆಕ್ಕಾಚಾರ ತಪ್ಪತೊಡಗುತ್ತದೆ.

ಕಳೆ ಔಷಧಿಯ ಸಂಕಟ ನಾನೂ ಕಂಡವನು. ಚಿಕ್ಕಪ್ಪನ ಶೆಡ್ಡಿನಲ್ಲಿ ಮಿಕ್ಕಿದ ಔಷಧಿಯನ್ನು ಬ್ರಾಂದಿಯ ಕ್ವಾರ್ಟರ್ ಬಾಟಲಿಗೆ ಸುರಿದು ಕಿಟಕಿ ಮೇಲೆ ಇಟ್ಟಿದ್ದರು. ಲೇಬಲ್ಲೂ ಹಾಗೇ ಇತ್ತು. ರಾತ್ರಿ ಕುಡಿದು ಬಂದ ಕೆಲಸದವರೊಬ್ಬರು ಒಂದು ಗುಟುಕು ಏರಿಸಿ ಉಗಿದರು. ಬಾಯೆಲ್ಲ ಹುಣ್ಣಾಯಿತು. ಕೆಲವೇ ದಿನ ಬದುಕಿದ್ದರು. ಆ ಕಿಟಕಿ ನೋಡಿದಾಗೆಲ್ಲ ಈಗಲೂ ಹೊಟ್ಟೆ ಕಿವುಚುತ್ತದೆ. ದಯವಿಟ್ಟು ಔಷಧಿಯನ್ನು ಅದರದೇ ಡಬ್ಬದಲ್ಲಿಟ್ಟು ಬೀಗ ಹಾಕಿ, ಕೀ ಮನೆಯೊಳಗಿರಲಿ. ಜಗಳದ ಹೊತ್ತಿನಲ್ಲಿ ಬರುವ ಸಾಯುವ ಯೋಚನೆ ಎಷ್ಟೋ ಸಲ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಕುಡಿದಾಗ ಆ ತಾಳ್ಮೆ ಇರುವುದಿಲ್ಲ. ಬೀಗ ಅಷ್ಟು ಸಮಯ ಕೊಡುತ್ತದೆ. ಮನಸ್ಸು ಕುಸಿದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ.

ಕುಡಿದು ಬಿದ್ದವರನ್ನು "ಮಲಗಲಿ, ಬೆಳಿಗ್ಗೆ ಸರಿಹೋಗ್ತಾರೆ" ಅಂತ ಸುಮ್ನೆ ಬಿಡಬೇಡಿ. ತಲೆಯೊಳಗೆ ರಕ್ತ ಸೋರುತ್ತಿದ್ದರೂ ನೋಡುವವರಿಗೆ ಅದು ಅಮಲಿನ ನಿದ್ದೆಯ ಹಾಗೇ ಕಾಣುತ್ತದೆ. ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ. ವಾಂತಿ ಉಸಿರಿಗೆ ಅಡ್ಡ ಬಾರದಂತೆ ಪಕ್ಕಕ್ಕೆ ಹೊರಳಿಸಿ, ಗಾಡಿ ಬರುವವರೆಗೆ ಹತ್ತಿರವೇ ಕೂತಿರಿ.

ನಿಮ್ಮ ಅಣ್ಣನ ಬಗ್ಗೆ ಇನ್ನಷ್ಟು ಬರೆದು ಕಳಿಸುತ್ತೀರಾ? ಹೆಸರು ಹಾಕದೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

- ಸಂಪಾದಕ