ಅಮೆರಿಕದ ಸೇನೆಯಲ್ಲಿದ್ದ ಅಣ್ಣನ ಮೊಣಕಾಲಿಗೆ ಶೇ 10 ಅಂಗವೈಕಲ್ಯ ರೇಟಿಂಗ್ ಇದೆ. ಈಗ ನೋವು ಜಾಸ್ತಿಯಾಗಿದೆ. ರೇಟಿಂಗ್ ಏರಿಸಿ ಅಂತ ಕೇಳಬಹುದಾ?

ಖಂಡಿತ ಕೇಳಬಹುದು. ಮಾಜಿ ಸೈನಿಕರನ್ನು ನೋಡಿಕೊಳ್ಳುವ ವೆಟರನ್ಸ್ ಅಫೇರ್ಸ್ ಇಲಾಖೆಗೆ 21-526ಇಝಡ್ ಫಾರ್ಮ್‌ನಲ್ಲಿ ಹೆಚ್ಚಳ ಕೇಳಿ ಅರ್ಜಿ ಹಾಕಬೇಕು. ದಾಖಲೆ ಹೊಂದಿಸೋಕೆ ಸಮಯ ಬೇಕಾದರೆ ಮೊದಲು ‘ಇಂಟೆಂಟ್ ಟು ಫೈಲ್’, ಅಂದರೆ ಅರ್ಜಿ ಹಾಕಲಿದ್ದೇವೆ ಅನ್ನೋ ಸೂಚನೆ, ಕೊಟ್ಟುಬಿಡಿ. ಆಮೇಲೆ 1 ವರ್ಷದೊಳಗೆ ಅರ್ಜಿ ಹಾಕಿದರೂ, ಹೆಚ್ಚಳ ಲೆಕ್ಕಕ್ಕೆ ಸೂಚನೆ ಕೊಟ್ಟ ಆ ತಾರೀಖು ಕೈತಪ್ಪುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ವೈದ್ಯಕೀಯ ಪರೀಕ್ಷೆ. ಗೋನಿಯೋಮೀಟರ್ (ಕೋನ ಅಳೆಯುವ ಸಾಧನ) ಇಟ್ಟು ಮೊಣಕಾಲು ಎಷ್ಟು ಮಡಚುತ್ತದೆ ಅಂತ ಅಳೆಯುತ್ತಾರೆ. ಮಡಚುವುದು 45 ಡಿಗ್ರಿಗೇ ನಿಂತುಬಿಟ್ಟರೆ ರೇಟಿಂಗ್ ಶೇ 10, 30ಕ್ಕೆ ಶೇ 20, 15ಕ್ಕೆ ಶೇ 30. ಸೇನೆಯಲ್ಲಿದ್ದವರಿಗೆ ನೋವು ನುಂಗಿ ‘ಪರವಾಗಿಲ್ಲ’ ಅನ್ನೋ ಅಭ್ಯಾಸ ಇರುತ್ತದೆ, ಅಲ್ವಾ? ಅಲ್ಲಿ ಮಾತ್ರ ಹಾಗನ್ನಬಾರದು. ನೋವು ಕೆರಳಿದ ದಿನ ಎಷ್ಟು ಮೆಟ್ಟಿಲು ಹತ್ತಲಾಗುತ್ತದೆ, ಎಷ್ಟು ಹೊತ್ತು ನಿಲ್ಲಲಾಗುತ್ತದೆ ಅಂತ ಬಿಡಿಸಿ ಹೇಳಲಿ.

ಒಂದು ಎಚ್ಚರ: ಕಾಲು ಸುಧಾರಿಸಿದೆ ಅಂತ ಕಂಡರೆ ರೇಟಿಂಗ್ ಇಳಿಯಲೂಬಹುದು.